ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರು ವಿಮೆ ಪತ್ರದ ಒಳಪುಟ ಓದಲಿ

ಮಾನ್ಯರೇ,

ಅಡಿಕೆಯ ಕೊನೆಕೊಯ್ಲು ಮುಗಿಯುತ್ತಿದ್ದಂತೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಎಷ್ಟೋ ಅಪ್ಪ–ಅಮ್ಮಂದಿರು ಮಗಳ ಬಾಣಂತನಕ್ಕೆಂದು ಅಮೆರಿಕದ ವಿಮಾನ ಹತ್ತುತ್ತಾರೆ. ‘ನಾಲ್ಕೈದು ತಿಂಗಳಿಗೆ ವಿಮೆ ಯಾಕೆ, ದುಡ್ಡು ದಂಡ’ ಎಂಬ ಮಾತು ಆಗ ಬಂದೇ ಬರುತ್ತದೆ. ಯುರೋಪಿನ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕದ ಪ್ರವಾಸಿ ವೀಸಾಕ್ಕೆ ಆ ಕಟ್ಟುಪಾಡಿಲ್ಲ. ಆದರೆ ಚಿಕಿತ್ಸೆ ತೀರಾ ದುಬಾರಿಯಾಗಿರುವುದು ಅಲ್ಲಿಯೇ. ತುರ್ತು ಚಿಕಿತ್ಸೆಗೆ ಹೋದವರನ್ನು ಅಲ್ಲಿ ತಿರುಗಿಸಿ ಕಳಿಸುವುದಿಲ್ಲ ನಿಜ, ಬಿಲ್ಲು ಆಮೇಲೆ ಬರುತ್ತದೆ: ಆಸ್ಪತ್ರೆಯದ್ದು ಬೇರೆ, ವೈದ್ಯರದ್ದು ಬೇರೆ, ಆಂಬುಲೆನ್ಸಿನದ್ದು ಬೇರೆ. ಅರವತ್ತು ದಾಟಿದವರು ವಿಮೆಯಿಲ್ಲದೆ ಹೊರಡಲೇಬಾರದು.

ಹಾಗೆಂದು ಟಿಕೆಟ್ ಬುಕ್ ಮಾಡುವಾಗ ಒಂದು ಟಿಕ್ ಹಾಕಿ ಕೊಂಡ ಅಗ್ಗದ ಪಾಲಿಸಿಯನ್ನು ನೆಚ್ಚಿಕೊಳ್ಳಬೇಡಿ. ಮುಖಪುಟದಲ್ಲಿ 50,000 ಡಾಲರ್ ಎಂದಿರುತ್ತದೆ. ಒಳಪುಟದಲ್ಲಿ ಹಿರಿಯರಿಗೆ ಕೊಠಡಿಗೆ ದಿನಕ್ಕಿಷ್ಟು, ಐಸಿಯುಗೆ ಇಷ್ಟು, ಶಸ್ತ್ರಚಿಕಿತ್ಸೆಗೆ ಇಷ್ಟು ಎಂದು ಉಪಮಿತಿ ಹಾಕಿರುತ್ತಾರೆ. ಅದಕ್ಕಿಂತ ಮೇಲಿನದ್ದು ನಮ್ಮ ಕೈಯಿಂದಲೇ ಹೋಗಬೇಕು. ಪ್ರೀಮಿಯಂ ಹೆಚ್ಚಾದರೂ ಉಪಮಿತಿಯಿಲ್ಲದ ಪಾಲಿಸಿಯನ್ನೇ ಕೇಳಿ ಪಡೆಯಿರಿ.

ಹೆಚ್ಚು ಕ್ಲೇಮು ಕೆಡುವುದು ಬಿಪಿ, ಶುಗರ್ ಮುಚ್ಚಿಟ್ಟಾಗ. ಆಸ್ಪತ್ರೆಯಲ್ಲಿ ಹಳೆಯ ಕಾಯಿಲೆ ಕೇಳುತ್ತಾರೆ, ಮಗಳು ‘ಹತ್ತು ವರ್ಷದಿಂದ ಮಾತ್ರೆ ಇದೆ’ ಎನ್ನುತ್ತಾಳೆ, ವೈದ್ಯರು ಅದನ್ನೇ ಬರೆದಿಡುತ್ತಾರೆ. ಅರ್ಜಿಯಲ್ಲಿ ‘ಇಲ್ಲ’ ಎಂದಿದ್ದರೆ ಅಲ್ಲಿಗೆ ಮುಗಿಯಿತು. ಏಜೆಂಟರು ಎಲ್ಲ ಪ್ರಶ್ನೆಗೂ ‘ಇಲ್ಲ’ ತುಂಬಿಬಿಡುವುದುಂಟು, ಸಹಿಗೆ ಮುಂಚೆ ನೀವೇ ಓದಿ. ಹೇಳಿಕೊಂಡರೂ ಬಹಳಷ್ಟು ಪಾಲಿಸಿಗಳು ಹಳೆಯ ಕಾಯಿಲೆಗೆ ಜೀವಕ್ಕೆ ಅಪಾಯ ಬಂದಾಗ ಮಾತ್ರ, ಅದೂ ರೋಗಿ ಸುಧಾರಿಸುವವರೆಗಷ್ಟೇ ಕೊಡುತ್ತವೆ. ಇರುವಷ್ಟು ತಿಂಗಳಿಗೂ ಸಾಲುವ ಮಾತ್ರೆ, ಔಷಧದ ಮೂಲ (ಜೆನೆರಿಕ್) ಹೆಸರು ಬರೆದ ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ.

ಪಾಲಿಸಿಯನ್ನು ಭಾರತ ಬಿಡುವ ಮೊದಲೇ ಮಾಡಿಸಬೇಕು. ವಾಸ್ತವ್ಯ ಮುಂದುವರಿದರೆ ಅವಧಿ ಮುಗಿಯುವ ಮುಂಚೆಯೇ ವಿಸ್ತರಣೆ ಕೇಳಬೇಕು. ಆಸ್ಪತ್ರೆ ಸೇರಿದರೆ ಪಾಲಿಸಿಯಲ್ಲಿರುವ ಸಹಾಯವಾಣಿಗೆ ಕೂಡಲೇ ಕರೆ ಮಾಡಿ, ಬಹುತೇಕ ಕಡೆ 24 ಗಂಟೆಯ ಗಡುವಿದೆ. ತಡವಾದರೆ ಕಂಪನಿಯೇ ನೇರವಾಗಿ ಬಿಲ್ಲು ಕಟ್ಟುವ ನಗದುರಹಿತ ಸೌಲಭ್ಯ ಕೈತಪ್ಪಿ, ಹಣ ಕಟ್ಟಿ ಊರಿಗೆ ಬಂದ ಮೇಲೆ ಓಡಾಡುವುದೇ ಆಗುತ್ತದೆ.

ಬ್ಯಾಗಿಗಾಗಿ ಹೆಚ್ಚುವರಿ ಪ್ರೀಮಿಯಂ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. ಅಂತರರಾಷ್ಟ್ರೀಯ ವಿಮಾನಯಾನಕ್ಕೆ ಸಂಬಂಧಿಸಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ವಿಮಾನಯಾನ ಸಂಸ್ಥೆಯೇ ಒಂದು ಮಿತಿಯವರೆಗೆ ಹೊಣೆ. ಹಾಳಾದ ಬ್ಯಾಗಿಗೆ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ನಿಲ್ದಾಣ ಬಿಡುವ ಮುಂಚೆ ಕೌಂಟರಿನಲ್ಲಿ ವರದಿ ಬರೆಸಿಕೊಳ್ಳಿ.

ನಮ್ಮ ಜಿಲ್ಲೆಯವರು ಇನ್ನೊಂದು ಗಮನಿಸಬೇಕು. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಮಣ್ಣು ಕುಸಿದು ವಿಮಾನ ತಪ್ಪಿದರೆ ಸಾಮಾನ್ಯವಾಗಿ ವಿಮೆ ಬರುವುದಿಲ್ಲ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದಾಗಿತ್ತಲ್ಲ. ಗೋವಾ ಇರಲಿ, ಬೆಂಗಳೂರಿರಲಿ, ಒಂದು ದಿನ ಮುಂಚೆ ತಲುಪಿ.

ಕ್ಲೇಮು ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ತಿಂಗಳಾದರೂ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯೆನಿಸದಿದ್ದರೆ ವಿಮೆಯ ದೂರು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ಬರೆಯಬಹುದು. 50 ಲಕ್ಷ ರೂಪಾಯಿವರೆಗಿನ ಪ್ರಕರಣ ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

– ನಿವೃತ್ತ ವಿಮಾ ನೌಕರ, ಶಿರಸಿ