ಸಚಿವರಿಗೆ ಬಹಿರಂಗ ಪತ್ರ: ಆ ಮಕ್ಕಳ ಜೊತೆ ನಿಲ್ಲುವವರನ್ನು ಕೊಡಿ

ಕರ್ನಾಟಕ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ಹದಿನಾರು ಹದಿನೇಳರ ಹುಡುಗನೊಬ್ಬ ದೊಡ್ಡ ಅಪರಾಧದಲ್ಲಿ ಸಿಕ್ಕಿಬಿದ್ದಾಗಲೆಲ್ಲ ಒಂದೇ ಕೂಗು ಏಳುತ್ತದೆ. ವಯಸ್ಸಿನ ಮಿತಿ ಇಳಿಸಿ, ದೊಡ್ಡವರ ಹಾಗೇ ಜೈಲಿಗೆ ಹಾಕಿ ಅಂತ. ಟಿವಿಯಲ್ಲಿ ಎರಡು ದಿನ ಚರ್ಚೆ ನಡೆಯುತ್ತದೆ, ಆಮೇಲೆ ಎಲ್ಲರೂ ಮರೆಯುತ್ತಾರೆ. ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುವವಳು. ಈ ವಯಸ್ಸಿನ ಮಕ್ಕಳ ನಡುವೆಯೇ ನನ್ನ ದಿನ ಕಳೆಯುತ್ತದೆ. ನನ್ನ ತರಗತಿಯಲ್ಲಿ ಓದಿದ ಕೆಲವರು ಬಾಲ ನ್ಯಾಯ ಮಂಡಳಿಯ ಮುಂದೆ, ಅಂದರೆ ಅಪರಾಧದಲ್ಲಿ ಸಿಕ್ಕ ಮಕ್ಕಳ ವಿಚಾರಣೆ ನಡೆಸುವ ಮಂಡಳಿಯ ಮುಂದೆ ನಿಂತದ್ದಿದೆ. ಅವರ ತಾಯಂದಿರ ಜೊತೆ ನಾನೂ ಹೋಗಿ ಹೊರಗಿನ ಬೆಂಚಿನ ಮೇಲೆ ಕಾದಿದ್ದೇನೆ. ಹಾಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ಹೊಸ ಕಾನೂನು ತನ್ನಿ ಎಂದು ನಾನು ಕೇಳುತ್ತಿಲ್ಲ. ಇರುವ ಕಾನೂನು ಸಾಕಷ್ಟು ಒಳ್ಳೆಯದೇ. ಅದು ಹುಡುಗನ ತನಕ ತಲುಪಬೇಕಾದರೆ ನಡುವೆ ಜನ ಬೇಕು. ಆ ಜನರನ್ನು ಕೊಡಿ ಎಂಬುದಷ್ಟೇ ನನ್ನ ಬೇಡಿಕೆ.

ಮೊದಲು ಸಮಸ್ಯೆಯ ಗಾತ್ರ ನೋಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ದೇಶದಾದ್ಯಂತ ಮಕ್ಕಳೇ ಆರೋಪಿಗಳಾಗಿ ದಾಖಲಾದ ಪ್ರಕರಣಗಳು 30,555. ಅದೇ ವರ್ಷ ದಾಖಲಾದ ಒಟ್ಟು ಅಪರಾಧಗಳು 58 ಲಕ್ಷಕ್ಕೂ ಜಾಸ್ತಿ. ಅಂದರೆ ನೂರಕ್ಕೆ ಒಂದೂ ಆಗುವುದಿಲ್ಲ. ಇಷ್ಟು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನೋಡಿಕೊಳ್ಳುವುದು ಸರ್ಕಾರಕ್ಕೆ ಆಗದ ಕೆಲಸವೇನಲ್ಲ, ಅಲ್ವಾ? ಇನ್ನೊಂದು ಮಾತು. ಹೀಗೆ ಸಿಕ್ಕಿಬಿದ್ದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರು 16ರಿಂದ 18 ವರ್ಷದವರು. ಕಡ್ಡಾಯ ಶಿಕ್ಷಣದ ಹಕ್ಕು 14ಕ್ಕೆ ಮುಗಿಯುತ್ತದೆ. ಒಂಬತ್ತನೇ ತರಗತಿಯಲ್ಲೋ ಎಸ್‌ಎಸ್‌ಎಲ್‌ಸಿ ಫೇಲಾದ ಮೇಲೋ ಹುಡುಗ ಶಾಲೆಯ ಲೆಕ್ಕದಿಂದ ಹೊರಗೆ ಬೀಳುತ್ತಾನೆ. ಆಮೇಲೆ ಅವನು ಎಲ್ಲಿದ್ದಾನೆ, ಯಾರ ಜೊತೆ ಓಡಾಡುತ್ತಿದ್ದಾನೆ ಎಂದು ಕೇಳುವ ಕೆಲಸ ಯಾರದ್ದೂ ಅಲ್ಲ. ಹಾಗೆ ಕೇಳುವ ಮೊದಲ ಇಲಾಖೆ ಎಷ್ಟೋ ಸಲ ಪೊಲೀಸ್ ಇಲಾಖೆಯೇ ಆಗಿರುತ್ತದೆ.

2016ರ ಜನವರಿ 15ರಿಂದ ಜಾರಿಯಲ್ಲಿರುವ ಬಾಲ ನ್ಯಾಯ ಕಾಯ್ದೆಯನ್ನು ನಾನು ಕೂತು ಓದಿದೆ. ನಿಜ ಹೇಳುತ್ತೇನೆ, ಓದಿ ಸಂತೋಷವಾಯಿತು. ಮಗುವನ್ನು ಲಾಕಪ್‌ನಲ್ಲಿ ಇಡುವಂತಿಲ್ಲ. ಬೇಡಿ ಹಾಕುವಂತಿಲ್ಲ. 24 ಗಂಟೆಯೊಳಗೆ ಮಂಡಳಿಯ ಮುಂದೆ ಕರೆತರಬೇಕು. ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ. ಎತ್ತರದ ಪೀಠ ಇರಕೂಡದು, ಕಟಕಟೆ ಇರಕೂಡದು. ಘೋರ ಅಪರಾಧವಲ್ಲದಿದ್ದರೆ, ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಕೂಡ ಬೇಡ, ಠಾಣೆಯ ದಿನಚರಿಯಲ್ಲಿ ಬರೆದುಕೊಂಡರೆ ಸಾಕು ಎಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ತೀರಾ ಬೇಕಾದರೆ ಇನ್ನೆರಡು ತಿಂಗಳು. ಸಣ್ಣ ಅಪರಾಧದ ವಿಚಾರಣೆ ಆಗಲೂ ಮುಗಿಯದಿದ್ದರೆ ಅದನ್ನು ಅಲ್ಲಿಗೇ ಕೈಬಿಡಬೇಕು. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿ ಮಾತ್ರ. ಹೀಗೆ ಬರೆದವರು ಮಕ್ಕಳನ್ನು ಬಲ್ಲವರೇ ಇರಬೇಕು.

ಹಾಗಾದರೆ ಎಲ್ಲಿ ತಪ್ಪುತ್ತಿದೆ?

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನ ಹೆಸರು, ಊರು ಹೇಳುವುದಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ, ನನ್ನ ಮನಸ್ಸೂ ಒಪ್ಪುವುದಿಲ್ಲ. ಇಬ್ಬರು ದೊಡ್ಡವರ ಜೊತೆ ಸೇರಿ ಬೈಕ್ ಕದ್ದ ಪ್ರಕರಣ. ಮಂಡಳಿ ಅವನಿಗೆ ಜಾಮೀನು ಕೊಟ್ಟಿತು. ಶ್ಯೂರಿಟಿ ಹಾಕಲು ಅವನ ತಾಯಿಗೆ ಯಾರೂ ಸಿಗಲಿಲ್ಲ. ಮನೆಗೆಲಸ ಮಾಡುವ ಹೆಂಗಸು, ಬಾಡಿಗೆ ಮನೆ, ಪಹಣಿ ಇರುವ ನೆಂಟರಿಲ್ಲ. ಜಾಮೀನು ಸಿಕ್ಕಿಯೂ ಹುಡುಗ, ವಿಚಾರಣೆ ನಡೆಯುವಾಗ ಮಕ್ಕಳನ್ನು ಇಡುವ ವೀಕ್ಷಣಾಲಯದಲ್ಲೇ ಉಳಿದ. ಏಳು ದಿನದೊಳಗೆ ಷರತ್ತು ಪೂರೈಸಲು ಆಗದಿದ್ದರೆ ಮಗುವನ್ನು ಮತ್ತೆ ಮಂಡಳಿಯ ಮುಂದೆ ತಂದು ಷರತ್ತು ಸಡಿಲಿಸಬೇಕು ಎಂದು 12ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಶ್ಯೂರಿಟಿ ಇಲ್ಲದೆಯೂ ಬಿಡಬಹುದು, ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಆಫೀಸರ್) ನಿಗಾದಲ್ಲಿ ಬಿಡಬಹುದು. ಆ ತಾಯಿಗೆ ಇದನ್ನು ಯಾರೂ ಹೇಳಲಿಲ್ಲ. ಅವನು ಹೊರಗೆ ಬರುವಷ್ಟರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದಿತ್ತು.

ಇಲ್ಲಿ ಯಾರೂ ಕೆಟ್ಟವರಲ್ಲ. ಪೊಲೀಸರು ಹೊಡೆಯಲಿಲ್ಲ, ಮಂಡಳಿ ಗದರಲಿಲ್ಲ, ವೀಕ್ಷಣಾಲಯದಲ್ಲಿ ಊಟ ಚೆನ್ನಾಗಿತ್ತಂತೆ. ಆದರೂ ಒಂದು ವರ್ಷ ಹೋಯಿತು. ಈ ಎಲ್ಲರ ನಡುವೆ ಓಡಾಡಿ, ಕೇಳಿ, ನೆನಪಿಸಿ, ಕೆಲಸ ಮಾಡಿಸಬೇಕಾದ ಒಬ್ಬರು ಇರಲಿಲ್ಲ. ಕಾನೂನಿನಲ್ಲಿ ಆ ಒಬ್ಬರು ಇದ್ದಾರೆ. ಅವರೇ ಪರಿವೀಕ್ಷಣಾಧಿಕಾರಿ.

ಅವರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಎಲ್ಲವೂ ನಿಂತಿರುವುದು ಅಲ್ಲೇ. ಹುಡುಗನನ್ನು ಮೊದಲ ಸಲ ಮಂಡಳಿಯ ಮುಂದೆ ತಂದ ಹದಿನೈದು ದಿನದೊಳಗೆ ಅವರು ಅವನ ಸಾಮಾಜಿಕ ತನಿಖಾ ವರದಿ ಕೊಡಬೇಕು. ಮನೆಗೆ ಹೋಗಬೇಕು, ಶಾಲೆಗೆ ಹೋಗಬೇಕು, ಅಕ್ಕಪಕ್ಕದವರನ್ನು ಮಾತಾಡಿಸಬೇಕು. ಅಪ್ಪ ಏನು ಮಾಡುತ್ತಾನೆ, ಮನೆಯಲ್ಲಿ ಹೊಡೆತ ಇದೆಯಾ, ಓದು ಯಾಕೆ ನಿಂತಿತು, ಯಾವ ಕೆಲಸ ಅವನ ಕೈಗೆ ಹಿಡಿಸುತ್ತದೆ, ಯಾರ ಮಾತನ್ನು ಅವನು ಕೇಳುತ್ತಾನೆ ಎಂಬುದೆಲ್ಲ ತಿಳಿಯಬೇಕು. ಜಾಮೀನು ಕೊಡುವಾಗ ಮಂಡಳಿ ನೋಡುವುದು ಈ ವರದಿಯನ್ನು. ಬುದ್ಧಿ ಹೇಳಿ ಕಳಿಸಬೇಕೋ, ಸಮುದಾಯ ಸೇವೆ ಮಾಡಿಸಬೇಕೋ, ತಪ್ಪು ಸಾಬೀತಾದ ಮಕ್ಕಳನ್ನು ಇಡುವ ವಿಶೇಷ ಗೃಹಕ್ಕೆ ಕಳಿಸಬೇಕೋ ಎಂದು ತೀರ್ಮಾನಿಸುವಾಗಲೂ ಇದನ್ನೇ. ಮಗುವನ್ನು ಮನೆಗೆ ಬಿಟ್ಟ ಮೇಲೆ ಅವನ ಜೊತೆ ಸಂಪರ್ಕದಲ್ಲಿ ಇರಬೇಕಾದವರೂ ಇವರೇ.

ಈಗ ಆ ವರದಿಗಳು ಹೇಗಿರುತ್ತವೆ? ನಾನು ಕಂಡ ಒಂದೆರಡರಲ್ಲಿ 'ಕೆಟ್ಟ ಸಹವಾಸ, ಬಡತನ, ತಂದೆಗೆ ಕುಡಿತದ ಚಟ' ಎಂದು ಮೂರು ಸಾಲಿನಲ್ಲಿ ಹುಡುಗನ ಕಥೆ ಮುಗಿದಿತ್ತು. ಬರೆದವರನ್ನು ದೂರಲು ನನಗೆ ಮನಸ್ಸಿಲ್ಲ. ಜಿಲ್ಲೆ ಪೂರ್ತಿ ಸುತ್ತಬೇಕಾದವರು ಅವರು. ತಪಾಸಣೆ, ಸಭೆ, ಅಂಕಿ-ಅಂಶದ ಫಾರಂಗಳೂ ಅವರ ತಲೆಗೇ. ಮಕ್ಕಳ ರಕ್ಷಣಾ ಘಟಕಗಳಲ್ಲಿ ಕೆಲಸ ಮಾಡುವ ಎಷ್ಟೋ ಜನ ಗುತ್ತಿಗೆಯ ಮೇಲೆ ಇರುವವರು. ಮುಂದಿನ ವರ್ಷ ತಾನೇ ಇರುತ್ತೇನೋ ಇಲ್ಲವೋ ಎಂದು ಗೊತ್ತಿಲ್ಲದ ವ್ಯಕ್ತಿ ಒಬ್ಬ ಹುಡುಗನಿಗೆ 'ನಾನಿದ್ದೇನೆ' ಎಂದು ಹೇಗೆ ಹೇಳಬೇಕು? ಹುಡುಗರು ಇದನ್ನು ಬೇಗ ಗುರುತಿಸುತ್ತಾರೆ. ಮೂರು ತಿಂಗಳಿಗೊಬ್ಬರು ಬದಲಾದರೆ ನಾಲ್ಕನೆಯವರ ಹತ್ತಿರ ಬಾಯಿಯೇ ಬಿಡುವುದಿಲ್ಲ.

ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಸಂಪೂರ್ಣಾ ಬೆಹುರಾ ಪ್ರಕರಣದ ತೀರ್ಪಿನಲ್ಲಿ ಮಂಡಳಿಗಳ ಖಾಲಿ ಹುದ್ದೆಗಳನ್ನು ತುಂಬಲು ಎಲ್ಲ ರಾಜ್ಯಗಳಿಗೂ ಹೇಳಿತ್ತು. 2025ರಲ್ಲಿ ಇಂಡಿಯಾ ಜಸ್ಟಿಸ್ ರಿಪೋರ್ಟ್ ತಂಡ ಪ್ರಕಟಿಸಿದ ಅಧ್ಯಯನದ ಪ್ರಕಾರ, 362 ಮಂಡಳಿಗಳಲ್ಲಿ 2023ರ ಅಕ್ಟೋಬರ್ ಕೊನೆಗೆ ನೂರಕ್ಕೆ 55 ಪ್ರಕರಣಗಳು ಬಾಕಿ ಇದ್ದವು. ಕರ್ನಾಟಕದಲ್ಲಿ ಬಾಕಿ ಇದ್ದದ್ದು ನೂರಕ್ಕೆ 35. ಬೇರೆ ರಾಜ್ಯಗಳಿಗಿಂತ ನಾವು ವಾಸಿ, ಅದನ್ನು ಒಪ್ಪುತ್ತೇನೆ. ನಿಮ್ಮ ಇಲಾಖೆಯವರು ದುಡಿದಿದ್ದಾರೆ. ಆದರೆ ಮೂರರಲ್ಲಿ ಒಂದು ಪ್ರಕರಣ ಬಾಕಿ ಎಂದರೆ, ಆ ಮೂರನೇ ಹುಡುಗ ಪ್ರತಿ ವಾಯಿದೆಗೂ ಕೆಲಸ ಬಿಟ್ಟು ಬರಬೇಕು. ಎರಡು ವಾಯಿದೆಗೆ ರಜೆ ಕೊಟ್ಟ ಮಾಲೀಕ ಮೂರನೆಯದಕ್ಕೆ ಕಾರಣ ಕೇಳುತ್ತಾನೆ. ಕಾರಣ ಗೊತ್ತಾದ ದಿನ ಕೆಲಸ ಹೋಗುತ್ತದೆ. ತಡ ಆಗುವುದೇ ಈ ಮಕ್ಕಳಿಗೆ ದೊಡ್ಡ ಶಿಕ್ಷೆ. ಹದಿನಾರರಲ್ಲಿ ಮಾಡಿದ ತಪ್ಪಿಗೆ ಹತ್ತೊಂಬತ್ತರಲ್ಲಿ ಬುದ್ಧಿ ಹೇಳಿದರೆ ಕೇಳುವವನು ಬೇರೆಯೇ ಹುಡುಗನಾಗಿರುತ್ತಾನೆ.

ಘೋರ ಅಪರಾಧಗಳ ಬಗ್ಗೆ ನಾನು ಸುಮ್ನೆ ದಾಟಿಹೋಗುವಂತಿಲ್ಲ. ಕೊಲೆಯಾದ ಮನೆಯವರ, ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಗಳ ನೋವಿನ ಮುಂದೆ ನನ್ನ ಮಾತು ಸಣ್ಣದು. 16 ದಾಟಿದವರು ಇಂಥದ್ದು ಮಾಡಿದರೆ ದೊಡ್ಡವರ ಹಾಗೆ ವಿಚಾರಣೆ ನಡೆಸಬಹುದೇ ಎಂದು ತೀರ್ಮಾನಿಸಲು 15ನೇ ಸೆಕ್ಷನ್ ಪ್ರಾಥಮಿಕ ಮೌಲ್ಯಮಾಪನ ಇಟ್ಟಿದೆ. ಹುಡುಗನ ಮನಸ್ಸಿನ ಮತ್ತು ದೇಹದ ಸಾಮರ್ಥ್ಯ, ಪರಿಣಾಮ ಅರಿಯುವ ಶಕ್ತಿ, ಯಾವ ಪರಿಸ್ಥಿತಿಯಲ್ಲಿ ಮಾಡಿದ ಎಂಬುದನ್ನೆಲ್ಲ ಮೂರು ತಿಂಗಳಲ್ಲಿ ನೋಡಬೇಕು. ಇದು ತುಂಬಾ ಸೂಕ್ಷ್ಮವಾದ ಕೆಲಸ, ಪರಿಣತರು ಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಒಬ್ಬ ಹುಡುಗನ ಇಡೀ ಬದುಕು ತಿರುಗುವುದು ಈ ಒಂದು ವರದಿಯ ಮೇಲೆ. ಒಂದೇ ಸಲ ಕೂರಿಸಿ ಐಕ್ಯೂ ಪರೀಕ್ಷೆ ಮಾಡಿ ಬರೆದುಕೊಟ್ಟರೆ ಸಾಲುವುದಿಲ್ಲ. ದೇಶಕ್ಕೇ ಈ ವಿಷಯದಲ್ಲಿ ತರಬೇತಿ ಕೊಡುವ ನಿಮ್ಹಾನ್ಸ್‌ನ ಸಂವಾದ್ ತಂಡ ನಮ್ಮ ರಾಜ್ಯದಲ್ಲೇ ಇದೆ. ಪ್ರತಿ ಜಿಲ್ಲೆಯಲ್ಲೂ ಒಬ್ಬರಾದರೂ ಮನಶ್ಶಾಸ್ತ್ರಜ್ಞರನ್ನು ಅವರಿಂದ ತಯಾರು ಮಾಡಿಸಿ.

ಇನ್ನೊಂದು ಪ್ರಶ್ನೆ ನನ್ನನ್ನು ಬಹಳ ಕಾಡುತ್ತದೆ. ಗಾಂಜಾ ಪೊಟ್ಟಣ ಹಿಡಿದುಕೊಂಡು ಸಿಕ್ಕ ಹುಡುಗನ ಕೈಗೆ ಅದನ್ನು ಕೊಟ್ಟವರು ಯಾರು? ಮಕ್ಕಳಿಂದ ಮಾದಕ ವಸ್ತು ಸಾಗಿಸುವವರಿಗೆ 78ನೇ ಸೆಕ್ಷನ್‌ನಲ್ಲಿ, ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸುವ ದೊಡ್ಡವರಿಗೆ 83ನೇ ಸೆಕ್ಷನ್‌ನಲ್ಲಿ ಏಳು ವರ್ಷದ ತನಕ ಜೈಲು ಇದೆ. ಮಗು ಸಿಕ್ಕ ಪ್ರತಿ ಪ್ರಕರಣದಲ್ಲೂ ಹಿಂದೆ ದೊಡ್ಡವರಿದ್ದರೇ ಎಂದು ತನಿಖೆ ಮಾಡಿ ಬರೆಯುವುದನ್ನು ಕಡ್ಡಾಯ ಮಾಡಲು ಗೃಹ ಇಲಾಖೆಯ ಜೊತೆ ದಯವಿಟ್ಟು ಮಾತಾಡಿ. ಹುಡುಗರನ್ನು ಮುಂದೆ ಬಿಟ್ಟು ಹಿಂದೆ ಕೂತವರು ಆರಾಮವಾಗಿದ್ದಾರೆ. ಇವರು ಹೊರಗಿರುವ ತನಕ ನಾವು ಹುಡುಗರಿಗೆ ಎಷ್ಟು ಸಮಾಲೋಚನೆ ಕೊಟ್ಟರೇನು?

ನ್ಯೂಜಿಲೆಂಡ್‌ನಲ್ಲಿ 1989ರ ಕಾನೂನು ಒಂದು ದಾರಿ ತೋರಿಸಿದೆ. ಅಲ್ಲಿ ತಪ್ಪು ಮಾಡಿದ ಹುಡುಗ, ಅವನ ಮನೆಯವರು, ನಷ್ಟ ಅನುಭವಿಸಿದವರು, ಪೊಲೀಸರು ಒಟ್ಟಿಗೆ ಕೂರುತ್ತಾರೆ. ಆದ ಹಾನಿಯನ್ನು ಹೇಗೆ ಸರಿಮಾಡುವುದು ಎಂದು ಮಾತಾಡಿ ಒಂದು ಯೋಜನೆ ಮಾಡುತ್ತಾರೆ. ಹುಡುಗ ತನ್ನಿಂದ ನೊಂದವರ ಮುಖ ನೋಡಿ ಉತ್ತರ ಕೊಡಬೇಕು. ಕಟಕಟೆಯಲ್ಲಿ ತಲೆ ತಗ್ಗಿಸಿ ನಿಲ್ಲುವುದಕ್ಕಿಂತ ಇದು ಕಷ್ಟ ಎಂದೇ ನಾನು ತಿಳಿದಿದ್ದೇನೆ. ನಮ್ಮಲ್ಲಿ ಕದ್ದ ಫೋನಿನ ಯಜಮಾನನಿಗೆ ಪ್ರಕರಣ ಏನಾಯಿತು ಎಂಬುದೂ ತಿಳಿಯುವುದಿಲ್ಲ. ಸಮುದಾಯ ಸೇವೆ, ಗುಂಪು ಸಮಾಲೋಚನೆಗೆ ನಮ್ಮ 18ನೇ ಸೆಕ್ಷನ್‌ನಲ್ಲಿ ಈಗಾಗಲೇ ಅವಕಾಶ ಇದೆ. ಸಣ್ಣ ಅಪರಾಧಗಳಲ್ಲಿ, ನೊಂದವರು ಒಪ್ಪಿದರೆ ಮಾತ್ರ, ಇಂಥ ಮಾತುಕತೆಯನ್ನು ಒಂದೆರಡು ಜಿಲ್ಲೆಗಳಲ್ಲಿ ಶುರು ಮಾಡಿ ನೋಡಬಹುದು.

ಕೊನೆಯದಾಗಿ ಹದಿನೆಂಟು ತುಂಬುವ ದಿನದ ವಿಷಯ. ನಮ್ಮ ಮನೆಯ ಮಕ್ಕಳನ್ನು ಹದಿನೆಂಟು ತುಂಬಿದ ಬೆಳಗ್ಗೆ ಯಾರೂ ಹೊರಗೆ ಕಳಿಸುವುದಿಲ್ಲ. ಸಂಸ್ಥೆಯಿಂದ ಹೊರಬರುವವರಿಗೆ 21ರ ತನಕ, ತೀರಾ ಅಗತ್ಯವಿದ್ದರೆ 23ರ ತನಕ ಆಸರೆ ಕೊಡಲು ನಿಯಮದಲ್ಲಿ ಜಾಗ ಇದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ. ಆದರೆ ಹುಡುಗನ ಹತ್ತಿರ ಆಧಾರ್ ಕಾರ್ಡ್, ಬ್ಯಾಂಕ್ ಖಾತೆ, ಟಿಸಿ ಸರಿಯಾಗಿ ಇಲ್ಲದಿದ್ದರೆ ಇದ್ಯಾವುದೂ ಅವನ ಕೈಗೆ ಬರುವುದಿಲ್ಲ. ಅವನ್ನೆಲ್ಲ ಹದಿನೇಳರಲ್ಲೇ ಮಾಡಿಸಿಡಬೇಕು. ಅವನ ಹಳೆಯ ದಾಖಲೆಗಳನ್ನು ಅವಧಿ ಮುಗಿದ ಮೇಲೆ ನಾಶ ಮಾಡಬೇಕು ಎಂದು 24ನೇ ಸೆಕ್ಷನ್ ಹೇಳುತ್ತದೆ. ಕೆಲವು ಘೋರ ಪ್ರಕರಣಗಳಿಗೆ ಮಾತ್ರ ಅದರಲ್ಲಿ ವಿನಾಯಿತಿ. ನಾಶ ಮಾಡಿದ್ದಾರೆಯೇ ಎಂದು ವರ್ಷಕ್ಕೊಮ್ಮೆ ಯಾರಾದರೂ ಪರಿಶೀಲಿಸಬೇಕು. ಕೆಲಸ ಕೇಳಿ ಹೋದ ಕಡೆ ಠಾಣೆಯಿಂದ ಹಳೆಯ ಕಾಗದ ಎದ್ದು ಬಂದರೆ ಹೊಸ ಬದುಕು ಎಲ್ಲಿಂದ ಬರಬೇಕು? ಶಾಲೆಗಳಿಗೂ ಒಂದು ಸುತ್ತೋಲೆ ಬೇಕು. ಮಂಡಳಿಯಿಂದ ವಾಪಸ್ ಬಂದ ಮಗುವನ್ನು ಸೇರಿಸಿಕೊಳ್ಳಲು ನಾವು ಶಿಕ್ಷಕರೇ ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ಶಿಕ್ಷಣ ಸಚಿವರ ಜೊತೆ ಕೂತು ಇದನ್ನು ಬಗೆಹರಿಸಿ.

ಮಾನ್ಯರೇ, ಬಾಕಿ ಪ್ರಕರಣಗಳ ಮಾಹಿತಿ ಮೂರು ತಿಂಗಳಿಗೊಮ್ಮೆ ಮಂಡಳಿಯಿಂದ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೂ ಜಿಲ್ಲಾಧಿಕಾರಿಗೂ ಹೋಗಬೇಕು ಎಂದು ಕಾಯ್ದೆಯಲ್ಲೇ ಇದೆ. ಹಾಗಾಗಿ ನಾನು ಕೇಳುವುದು ಕಷ್ಟದ್ದಲ್ಲ. ಮುಂದಿನ ಬಜೆಟ್‌ಗೆ ಮೊದಲು ಜಿಲ್ಲಾವಾರು ಒಂದು ಪಟ್ಟಿ ಪ್ರಕಟಿಸಿ. ಪರಿವೀಕ್ಷಣಾಧಿಕಾರಿಗಳ ಹುದ್ದೆ ಎಷ್ಟು, ಅದರಲ್ಲಿ ಕಾಯಂ ಆಗಿ ತುಂಬಿದ್ದು ಎಷ್ಟು, ಒಬ್ಬೊಬ್ಬರ ಕೈಯಲ್ಲಿ ಎಷ್ಟು ಮಕ್ಕಳು, ಜಾಮೀನು ಸಿಕ್ಕಿಯೂ ಏಳು ದಿನ ಮೀರಿ ಒಳಗೇ ಇರುವವರು ಎಷ್ಟು, ಈ ವರ್ಷ ಹದಿನೆಂಟು ತುಂಬುವವರು ಎಷ್ಟು. ಯಾವ ಮಗುವಿನ ಹೆಸರೂ ಬೇಡ, ಸಂಖ್ಯೆ ಸಾಕು. ಆ ಖಾಲಿ ಹುದ್ದೆಗಳಿಗೆ ಬಜೆಟ್‌ನಲ್ಲಿ ಹಣ ಇಡಿ. ನಿಮ್ಮ ಉತ್ತರ ಬಂದರೆ ನಮ್ಮ ಶಾಲೆಯ ಪೋಷಕರ ಸಭೆಯಲ್ಲಿ ಓದಿ ಹೇಳುತ್ತೇನೆ.

ಇಂತಿ ವಿಶ್ವಾಸದಿಂದ,
ಒಬ್ಬ ಪ್ರೌಢಶಾಲಾ ಶಿಕ್ಷಕಿ