ಮೊದಲ ದಿನ ಬಾಯಿ ಬಿಡಬೇಕಾಗಿಲ್ಲ

ಹಾಸನ

ಮಗಾ,

ದೊಡ್ಡಪ್ಪ ಹೋಗುವ, ಕುಡಿತ ಬಿಡುವವರ ಮೀಟಿಂಗಿನಲ್ಲಿ ಏನು ಮಾಡುತ್ತಾರೆ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆ. ಪಕ್ಕದಲ್ಲಿ ನಿಮ್ಮಮ್ಮ ಇದ್ದಳೇನೋ, ನಿನ್ನ ದನಿ ತೀರಾ ಸಣ್ಣಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ, ನಿಧಾನಕ್ಕೆ ಓದಿಕೋ.

ಮೊದಲು ಒಂದು ಮಾತು. ಹುರುಪಿನಲ್ಲಿ ನಾಳೆಯಿಂದಲೇ ಪೂರ್ತಿ ಬಂದ್ ಅಂತ ಮನೆಯಲ್ಲಿ ಕೂರಬೇಡ. ಬೆಳಗ್ಗೆ ಕೈ ನಡುಗುತ್ತದೆ, ಒಂದು ಗುಟುಕು ಒಳಗೆ ಹೋದ ಮೇಲೇ ನಿಲ್ಲುತ್ತದೆ ಅಂದೆಯಲ್ಲ. ಅಂಥವರು ದಿಢೀರ್ ಅಂತ ಬಿಟ್ಟರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನಕ್ಕೆ ಇಲ್ಲದ್ದೆಲ್ಲ ಕಾಣಿಸಿ, ಬಡಬಡಿಸಿ, ಜೀವಕ್ಕೇ ಕುತ್ತು ಬರುವುದೂ ಉಂಟು. ಇಲ್ಲಿ ಹಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗಕ್ಕೆ ಒಂದು ಚೀಟಿ ಮಾಡಿಸು. ಎಷ್ಟು ಕುಡಿಯುತ್ತೀಯ ಅಂದರೆ ಅರ್ಧ ಮಾಡಿ ಹೇಳಬೇಡ, ಅದನ್ನು ನೋಡಿಯೇ ಅವರು ಮಾತ್ರೆ ಬರೆಯೋದು. ಅಡ್ಮಿಟ್ ಆಗು ಅಂದರೆ ಆಗು. ಎಸ್ಟೇಟಿನ ಬಟವಾಡೆ ಪುಸ್ತಕ ಒಂದು ವಾರ ಬೇರೆಯವರು ಬರೆದರೆ ಪ್ರಪಂಚ ಮುಳುಗುವುದಿಲ್ಲ.

ಈಗ ಮೀಟಿಂಗ್ ವಿಷಯ. ಎಲ್ಲರೂ ಎ.ಎ. ಅನ್ನುತ್ತಾರೆ, ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಅನ್ನುವ ಊರಿನಲ್ಲಿ ಒಬ್ಬ ಷೇರು ಪೇಟೆಯವನೂ ಒಬ್ಬ ಡಾಕ್ಟರೂ ಸೇರಿ ಶುರು ಮಾಡಿದ್ದು. ಇಬ್ಬರೂ ಕುಡುಕರೇ. ಡಾಕ್ಟರಾಗಿದ್ದೂ ಬಿಡಲಾಗದವನು ಇನ್ನೊಬ್ಬ ಕುಡುಕನ ಜೊತೆ ಮಾತಾಡುತ್ತಾ ಬಿಟ್ಟ ಅನ್ನುವುದು ನನಗೆ ತುಂಬಾ ಹಿಡಿಸಿದ ಸಂಗತಿ. ಫೀಸು ಇಲ್ಲ. ಜಾತಿ, ಕೆಲಸ ಯಾವುದೂ ಯಾರಿಗೂ ಬೇಡ. ಬಿಡಬೇಕು ಅನ್ನುವ ಆಸೆಯೊಂದಿದ್ದರೆ ಸಾಕು.

ದೊಡ್ಡಪ್ಪನ ಮೀಟಿಂಗ್ ಒಂದು ಶಾಲೆಯ ಕೋಣೆಯಲ್ಲಿ ಆಗುತ್ತದೆ. ಚಿಕ್ಕ ಮಕ್ಕಳ ಬೆಂಚು, ದೊಡ್ಡವರು ಮೊಣಕಾಲು ಎಲ್ಲಿಡಬೇಕು ಅಂತ ಒದ್ದಾಡುತ್ತಾರೆ. ಕುಡಿತದಿಂದ ಹೊರಬರಲು ಎ.ಎ.ಯವರು ಪಾಲಿಸುವ 12 ಹೆಜ್ಜೆಗಳ ಬ್ಯಾನರನ್ನು ಗೋಡೆಯ ಮೊಳೆಗೆ ಸಿಕ್ಕಿಸುತ್ತಾರೆ, ಮುಗಿದ ಮೇಲೆ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಒಬ್ಬೊಬ್ಬರೇ ಹೆಸರು ಹೇಳಿ, 'ನಾನೊಬ್ಬ ಆಲ್ಕೊಹಾಲಿಕ್' ಅಂದು ತಮ್ಮ ಕಥೆ ಹೇಳುತ್ತಾರೆ. ಇದಕ್ಕೆ ಶೇರಿಂಗ್ ಅನ್ನುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ನಿನಗೆ ಮಾತು ಬರದಿದ್ದರೆ ಸುಮ್ನೆ ಕೂತು ಕೇಳು. ಕೊನೆಗೆ ಒಂದು ಡಬ್ಬಿ ಕೈಯಿಂದ ಕೈಗೆ ಬರುತ್ತದೆ. ಹತ್ತು ರೂಪಾಯಿ ಹಾಕಿದರೂ ಸರಿ, ಹಾಗೇ ದಾಟಿಸಿದರೂ ಸರಿ. ಆಮೇಲೆ ಟೀ. ನನ್ನ ಕೇಳಿದರೆ ಜಾಸ್ತಿ ಕೆಲಸ ಆಗುವುದೇ ಆ ಟೀ ಹೊತ್ತಿನಲ್ಲಿ. ಸಂಜೆ ಏಳಕ್ಕೆ ಜೀವ ಎಳೆದಾಡಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಓಪನ್ ಮೀಟಿಂಗ್ ದಿನ ಮನೆಯವರೂ ಹೋಗಬಹುದು, ನಾನು ಇದನ್ನೆಲ್ಲ ನೋಡಿದ್ದು ಹಾಗೆ.

ಮಾಲೆ ಹಾಕಿದಾಗ 41 ದಿನ ಮುಟ್ಟಲಿಲ್ಲವಲ್ಲ, ನನಗೇಕೆ ಮೀಟಿಂಗು ಅಂತ ವಾದ ಮಾಡಬೇಡ. ಆಗ ನಿನ್ನ ಕೈ ನಡುಗುತ್ತಿರಲಿಲ್ಲ. ಇನ್ನೊಂದು ನೆನಪು ಮಾಡಿಕೋ. ದಿನಾ ಸಂಜೆ ಭಜನೆಗೆ ಸೇರುತ್ತಿದ್ದಿರಿ, ಗುರುಸ್ವಾಮಿ ಬರದವರನ್ನು ವಿಚಾರಿಸುತ್ತಿದ್ದರು, ಎದುರು ಸಿಕ್ಕವರೆಲ್ಲ ಸ್ವಾಮಿ ಅನ್ನುತ್ತಿದ್ದರು. ಅಯ್ಯಪ್ಪನ ಬಲದ ಜೊತೆಗೆ ಆ ಗುಂಪಿನ ಬಲವೂ ಇತ್ತು, ಅಲ್ವಾ? ಮಾಲೆ ತೆಗೆದ ಮೇಲೆ ಗುಂಪು ಚದುರಿತು, ನೀನು ಒಂಟಿಯಾದೆ. ಮೀಟಿಂಗಿಗೆ ಇಷ್ಟು ದಿನ ಅಂತ ಲೆಕ್ಕವಿಲ್ಲ, ವರ್ಷಗಟ್ಟಲೆ ಬರುವವರಿದ್ದಾರೆ. ನಿಮ್ಮ ಲೈನ್ ಮನೆಯವರು ಒಬ್ಬರು ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟರು ಅಂದೆ. ಅದೂ ಒಳ್ಳೆಯ ದಾರಿಯೇ. ಆದರೆ ಎಂಟು ದಿನದ ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಇರುತ್ತದೆ, ಬಿಟ್ಟವರು ಸೇರುವ ಸಭೆ. ನಾನು ಕಂಡ ಹಾಗೆ ಜನ ಜಾರುವುದು ಆ ಸಭೆ ತಪ್ಪಿಸಲು ಶುರು ಮಾಡಿದಾಗ.

ಸಕಲೇಶಪುರದಲ್ಲಿ ಯಾರಾದರೂ ನೋಡಿಬಿಟ್ಟರೆ ಅನ್ನುವ ಭಯ ನಿನಗೆ. ಬಾರ್ ಮುಂದೆ ನಿನ್ನ ಬೈಕ್ ನಿಂತಿದ್ದನ್ನು ಇಡೀ ಊರು ನೋಡಿದೆ ಮಗಾ. ಆದರೂ ಮುಜುಗರ ಅನ್ನಿಸಿದರೆ ಹಾಸನಕ್ಕೇ ಬಾ. ಮೀಟಿಂಗಿನಲ್ಲಿ ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕು. ದೊಡ್ಡಪ್ಪ ನನ್ನ ಹತ್ತಿರವೂ ಯಾರ ಹೆಸರೂ ಎತ್ತುವುದಿಲ್ಲ.

ಬೇರೆ ಕಡೆ ಹುಡುಕುವುದಾದರೆ ಹಳೇ ಪಟ್ಟಿ ನಂಬಿ ಹೋಗಬೇಡ. ಜಾಗ, ಹೊತ್ತು ಬದಲಾಗುತ್ತಿರುತ್ತದೆ, ಬೀಗ ನೋಡಿದವನು ಸೀದಾ ವೈನ್ ಸ್ಟೋರಿಗೆ ಹೋಗುತ್ತಾನೆ. ಎ.ಎ. ಸಹಾಯವಾಣಿಗೆ ಫೋನ್ ಮಾಡಿ, ಕನ್ನಡದ ಮೀಟಿಂಗ್ ಯಾವ ದಿನ ಅಂತ ಕೇಳಿ ಹೊರಡು. ಆಸ್ಪತ್ರೆಯ ಕೌನ್ಸೆಲರನ್ನೂ ಕೇಳಬಹುದು. ರಾತ್ರಿ ಮನಸ್ಸು ಕೆಟ್ಟರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನಿನ್ನ ಹೆಂಡತಿಗೆ ಹೇಳು, ಗೊತ್ತಾಗದ ಹಾಗೆ ಕಾಫಿಗೆ ಬೆರೆಸಿ ಕೊಡಿ ಅನ್ನುವ ಯಾವ ಪುಡಿ, ಮಾತ್ರೆಯನ್ನೂ ತರುವುದು ಬೇಡ. ಕುಡಿತ ಬಿಡಿಸಲು ಡಾಕ್ಟರು ಕೊಡುವ ಒಂದು ಮಾತ್ರೆ ಇದೆ, ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಅಪಾಯ. ತಿನ್ನುವವನಿಗೆ ತಿಳಿಯದೆ ಅದನ್ನು ಕೊಡಲೇಬಾರದು. ಮನೆಯವರಿಗೂ ಅಲ್-ಅನಾನ್ ಅಂತ ಬೇರೆ ಗುಂಪಿದೆ. ಅವಳು ನನಗೆ ಫೋನ್ ಮಾಡಲಿ.

ಈ ಭಾನುವಾರ ಬಾ. ಶನಿವಾರದ ಸಂಬಳ ಅವಳ ಕೈಗೆ ಕೊಟ್ಟು, ಬಸ್ ಚಾರ್ಜ್ ಮಾತ್ರ ಇಟ್ಟುಕೋ. ಬೈಕ್ ಬೇಡ. ಅವತ್ತು ಬೆಳಗ್ಗೆ ಕುಡಿದುಬಿಟ್ಟಿದ್ದರೂ ಬಾ, ಗಲಾಟೆ ಮಾಡದೆ ಕೂತರೆ ಯಾರೂ ಹೊರಗೆ ಹಾಕುವುದಿಲ್ಲ. ಬಸ್ ಹತ್ತಿದ ಮೇಲೆ ಒಂದು ಫೋನ್ ಮಾಡು, ದೊಡ್ಡಪ್ಪ ಸ್ಟ್ಯಾಂಡಿಗೆ ಬರುತ್ತಾರೆ.

ಇಂತಿ,
ನಿನ್ನ ದೊಡ್ಡಮ್ಮ