ರಾಗಿ ಬಿಸ್ಕತ್ತಿನ ಹಿಂಬದಿ

ಪ್ರೀತಿಯ ಪುಟ್ಟಿ,

ಹಬ್ಬಕ್ಕೆ ಬಂದಾಗ ನೀನು ಬಿಟ್ಟುಹೋದ ರಾಗಿ ಬಿಸ್ಕತ್ತಿನ ಪ್ಯಾಕೆಟ್ ಇವತ್ತು ಕೈಗೆ ಸಿಕ್ಕಿತು. "ಇದು ಹೆಲ್ದಿ ಅಪ್ಪಾ, ಏನಾಗಲ್ಲ" ಅಂತ ಟಿವಿ ಮುಂದೆ ಕೂತು ಅರ್ಧ ಖಾಲಿ ಮಾಡಿದ್ದೆಯಲ್ಲ, ಅದೇ. ಮಾಮೂಲಿ ಬಿಸ್ಕತ್ತಾಗಿದ್ದರೆ ನಾಲ್ಕಕ್ಕೇ ಸಾಕು ಮಾಡುತ್ತಿದ್ದೆ, ಅಲ್ವಾ?

ಕನ್ನಡಕ ಹಾಕಿಕೊಂಡು ಓದಿದೆ. ಮುಂದೆ ಅಂಗೈ ಅಗಲದ ರಾಗಿ ತೆನೆ. ಹಿಂದೆ ಇರುವೆ ಸಾಲಿನಂಥ ಅಕ್ಷರ. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಪಾಮ್ ಎಣ್ಣೆ. ರಾಗಿ ನಾಲ್ಕನೆಯದು, 9%. ತೂಕದಲ್ಲಿ ಯಾವುದು ಜಾಸ್ತಿಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ನಿಯಮ. ಕೊನೆಗೆ ಇನ್ವರ್ಟ್ ಸಿರಪ್ ಅಂತ ಬೇರೆ ಇತ್ತು. ಅದೂ ಸಕ್ಕರೆಯೇ, ಹೆಸರು ಬೇರೆ ಅಷ್ಟೇ.

ಅಂಗಡಿಗೆ ಬರುವ ಕಾಲೇಜು ಹುಡುಗರೂ ಪ್ಯಾಕೆಟ್ ತಿರುಗಿಸುತ್ತಾರೆ. ನೋಡುವುದು ರೇಟು, ತಾರೀಖು. 'ಪ್ರೋಟೀನ್' ಅಂತ ಬರೆದಿದ್ದರೆ ಇಪ್ಪತ್ತು ರೂಪಾಯಿ ಜಾಸ್ತಿಯಾದರೂ ಚೌಕಾಸಿ ಇಲ್ಲ. ಎಣ್ಣೆ ಪ್ಯಾಕೆಟ್ ಮೇಲೆ 'ಕೊಲೆಸ್ಟ್ರಾಲ್ ಇಲ್ಲ' ಅಂತ ಇರುತ್ತಲ್ಲ, ಅದನ್ನು ನೋಡಿದರೆ ನನಗೆ ನಗು. ಕೊಲೆಸ್ಟ್ರಾಲ್ ಇರುವುದು ಹಾಲು, ತುಪ್ಪ, ಮೊಟ್ಟೆ, ಮಾಂಸದಲ್ಲಿ. ಕಡಲೆಕಾಯಿ ಎಣ್ಣೆಯಲ್ಲಿ ಯಾವ ಕಾಲಕ್ಕಿತ್ತು? ಸುಳ್ಳಲ್ಲ, ಆದರೆ ನಮ್ಮ ಬಾವಿ ನೀರಲ್ಲಿ ಮೂಳೆ ಇಲ್ಲ ಅಂದ ಹಾಗಾಯಿತು.

ನಿನಗೆ ಹೇಳೋಕೆ ನಾನೇನು ಜಾಣನಲ್ಲ ಬಿಡು. ನಿನ್ನ ಎಸ್ಸೆಸ್ಸೆಲ್ಸಿ ವರ್ಷ ದಿನಾ ರಾತ್ರಿ ಹಾಲಿಗೆ ಎರಡು ಚಮಚ ಪುಡಿ ಕಲಸಿ ಕೊಟ್ಟವನು ನಾನೇ. ಡಬ್ಬದ ಮೇಲೆ 'ಹೆಲ್ತ್ ಡ್ರಿಂಕ್' ಅಂತ ಇತ್ತು, ನಂಬಿದೆ. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತು. ನಮ್ಮ ಆಹಾರ ಕಾನೂನಿನಲ್ಲಿ ಆ ಮಾತೇ ಇಲ್ಲವಂತೆ! ಪೇಪರಲ್ಲಿ ಓದಿದ ದಿನ ಮನೆಯ ಹಳೇ ಡಬ್ಬ ತೆಗೆದು ನೋಡಿದೆ. 100 ಗ್ರಾಂ ಪುಡಿಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಸಕ್ಕರೆ. ನಿನ್ನಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಅದೇ ವರ್ಷದ ಜೂನ್‌ನಲ್ಲಿ, ಸಾಂದ್ರ ರಸಕ್ಕೆ ನೀರು ಬೆರೆಸಿ ಮಾಡಿದ ಜ್ಯೂಸಿನ ಮೇಲೆ '100% ಹಣ್ಣಿನ ರಸ' ಅಂತ ಹಾಕಬಾರದು ಅಂತ ಆಹಾರದ ನಿಯಮ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಹೇಳಿತು. ನೀನು ಪಿಜಿ ಫ್ರಿಜ್ಜಲ್ಲಿ ಇಟ್ಟಿರುತ್ತೀಯಲ್ಲ, ಅದರ ಹಿಂದೆ ಒಂದ್ಸಲ ನೋಡು.

ರಾತ್ರಿ ಬಸ್ಸಿಗೆ ಹುರಿಹಿಟ್ಟು ಹಾಕಿದ್ದೇನೆ, ಅಮ್ಮ ಹುರಿದು ಬೀಸಿಸಿದ್ದು. ಬೆಲ್ಲ ಕಮ್ಮಿ ಹಾಕಿಕೋ, ಅದೂ ಸಕ್ಕರೆಯ ತಮ್ಮನೇ. ತುಂಬಿರುವುದು ಮಾತ್ರ ಆ ಹಳೇ ಹೆಲ್ತ್ ಡ್ರಿಂಕ್ ಡಬ್ಬದಲ್ಲಿ. ಲೇಬಲ್ ನೋಡಿ ಎಸೆದುಬಿಟ್ಟೀಯ.

ನಿನ್ನ,
ಅಪ್ಪ